ಲೊಚಗುಟ್ಟದ ಮೀನುಗಳು

೨೦೨೩ರ ಜುಲೈ ೧೬, ಭಾನುವಾರ. ಆಧಾರ: ನನ್ನ ಭಾವನವರ ಮೀನಿನ ದಿನಚರಿ, ಮೊದಲ ಪುಟ. ಬೆಟಗೇರಿಯ ನೀರಿನ ತಾಪತ್ರಯದಲ್ಲಿ ಮೀನುಗಳಿಗೂ ಪಾಲು ಕೊಟ್ಟ ಏಕೈಕ ವ್ಯಕ್ತಿ ಅವರೇ. ಅಲ್ಲಗಳೆಯುವವರು ಆಧಾರಸಹಿತ ಬರಲಿ!

ಮಗ್ಗ ಬಿಟ್ಟು ಮನೆಯಲ್ಲಿ ಕುಳಿತಿದ್ದ ಭಾವನವರು ಅಂದು ಹುಬ್ಬಳ್ಳಿಯಿಂದ ಆರು ‘ಹಿಲ್‌ಸ್ಟ್ರೀಮ್ ಲೋಚ್’ ತಂದರು. ಗುಡ್ಡದ ತೊರೆಯ ಸೆಳವಿನಲ್ಲಿ ಕಲ್ಲನ್ನು ಅವಚಿಕೊಂಡು ಬದುಕುವ ಚಪ್ಪಟೆ ಮೀನುಗಳಿವು; ತಂಪಾದ, ಸದಾ ಹರಿಯುವ ನೀರೇ ಬೇಕು. ಮನುಷ್ಯರಿಗೇ ನಲ್ಲಿಯ ನೀರು ವಾರಕ್ಕೊಮ್ಮೆ ದರ್ಶನ ಕೊಡುವ ಊರಿನಲ್ಲಿ!

ಟ್ಯಾಂಕಿನ ಗಾಜಿಗೆ ಅಂಟಿ ಕುಳಿತವುಗಳನ್ನು ಅಕ್ಕ ದಿಟ್ಟಿಸಿದಳು.

“ಹಲ್ಲಿ ಯಾಕ ತಂದ್ರಿ?”

“ಹಲ್ಲಿ ಅಲ್ಲಲೇ, ಲೋಚ್!”

“ಗ್ವಾಡಿಮ್ಯಾಲಿನ ಹಲ್ಲಿ ಲೊಚ್ ಅಂತಾದ್ರೂ ಅಂತೈತಿ. ಇವು ಅದನ್ನೂ ಅನ್ನಂಗಿಲ್ಲ!”

ಭಾವನವರು ಕೆರಳಿದರು. “ಯುಗಾದಿ ಒಳಗ ಮರಿ ಮಾಡ್ತಾವು, ನೋಡ್ತಿರು!” ಅದೇ ಕ್ಷಣಕ್ಕೆ ಗೋಡೆಯ ನಿಜವಾದ ಹಲ್ಲಿ ಲೊಚಗುಟ್ಟಬೇಕೆ? ಭಾವನವರು ನೆಲಕ್ಕೆ ಮೂರು ಸಲ ಬೆರಳು ಬಡಿದರು. “ಖರೆ ಅಂತು!”

“ಆತು. ಯುಗಾದಿಗೆ ಮರಿ ಕಾಣಲಿಲ್ಲಂದ್ರ ಟ್ಯಾಂಕ್ ಹೊರಗ, ನನ್ನ ಹೊಲಿಗಿ ಮಷೀನ್ ಒಳಗ.”

ಬೇಸಿಗೆ ಬಂತು. ಫ್ರಿಜ್ಜಿನ ತಣ್ಣೀರ ಬಾಟಲಿಗಳೆಲ್ಲ ಟ್ಯಾಂಕಿಗಿಳಿದವು. ಬಿಸಿಲಲ್ಲಿ ಬಂದ ಬೀಗರಿಗೆ ಬೆಚ್ಚನೆಯ ನೀರೇ ಗತಿಯಾಯಿತು. ಕರೆಂಟು ಹೋಗಿ ಪಂಪು ನಿಂತರೆ ಭಾವನವರು ತಂಬಿಗೆಯಿಂದ ನೀರೆತ್ತಿ ಎತ್ತಿ ಸುರಿಯುವರು. ಒಮ್ಮೆ ಶಿರಹಟ್ಟಿಯ ನೆಂಟರೊಬ್ಬರು ಇದನ್ನು ಕಂಡು, ಚಪ್ಪಲಿ ಬಿಟ್ಟು ಕೈಮುಗಿದರು.

“ಯಾವ ಲಿಂಗರಿ ಇದು?”

“ಒಂದಲ್ಲರಿ, ಆರು!”

“ನೈವೇದ್ಯ?”

“ಪಾಚಿ!” ಎಂದಳು ಅಕ್ಕ, ಒಳಗಿನಿಂದ.

೨೦೨೪ರ ಏಪ್ರಿಲ್ ೯, ಯುಗಾದಿ. ಮರಿಯ ಸುಳಿವಿಲ್ಲ. ಬೇವುಬೆಲ್ಲ ತಿಂದ ಭಾವನವರು ಟ್ಯಾಂಕಿನ ಮುಂದೆ ಬಕೆಟ್ಟು ಇಟ್ಟುಕೊಂಡು ಕುಳಿತರು. ಅಕ್ಕ ಬಂದು ಬಕೆಟ್ಟು ಎತ್ತಿಕೊಂಡಳು.

“ಹಬ್ಬದ ದಿನ ನೀರು ಚೆಲ್ಲಬ್ಯಾಡ್ರಿ. ಮಷೀನಿಗಿ ಎಣ್ಣಿ ಹಾಕಿಸೂದೈತಿ. ಇನ್ನೊಂದು ವಾರ ಇರ್ಲಿ.”

ಏಪ್ರಿಲ್ ೧೪, ಭಾನುವಾರ. ಕಲ್ಲಿನ ಸಂದಿಯಲ್ಲಿ ರೆಪ್ಪೆಗೂದಲಿನಷ್ಟು ಮೂರು ಮರಿಗಳು! ಭಾವನವರ ಕೂಗಿಗೆ ಓಣಿಯೇ ನೆರೆಯಿತು. ಅಕ್ಕ ಕೂಡ ಸೆರಗಿಗೆ ಕೈ ಒರೆಸುತ್ತ ಓಡಿ ಬಂದು “ಹೌದೇನ್ರಿ? ಎಲ್ಲಿ, ಎಲ್ಲಿ?” ಎಂದು ಕಣ್ಣರಳಿಸಿದಳು. ಹಲ್ಲಿ ಐದು ದಿನ ತಪ್ಪಿತು, ಅಕ್ಕ ಕನಿಕರಿಸಿದಳು, ಭಾವನವರು ಮೊದಲು ಕಂಡರು: ಮನೆಮಂದಿಯ ನೆನಪು ಇಷ್ಟೇ. ದಿನಚರಿಯೂ ಅದನ್ನೇ ಹೇಳುತ್ತದೆ.

ಆದರೆ ಒಂದೇ ಆಧಾರವನ್ನು ನಂಬಿ ಬರೆಯುವ ಅಭ್ಯಾಸ ನನಗಿಲ್ಲ. ಯುಗಾದಿಯ ತಾರೀಖು ತಾಳೆ ನೋಡಲು ಮೊನ್ನೆ ಅಕ್ಕನ ಅಡುಗೆಮನೆಯಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದ ಆ ವರ್ಷದ ಹಳೆಯ ಕ್ಯಾಲೆಂಡರನ್ನು ಎಳೆದೆ. ಅಕ್ಕ ಹಾಲು ಬಾರದ ದಿನಗಳನ್ನು ಗುರುತು ಹಾಕುತ್ತಿದ್ದುದು ಅದರಲ್ಲೇ. ನೋಡಿದ ಮೇಲೆ ಅದನ್ನು ಮೊದಲಿದ್ದಂತೆಯೇ ಹಾಸಿದೆ; ಭಾವನವರ ದಿನಚರಿಯನ್ನು ತಿದ್ದಲಿಲ್ಲ. ಅವರು ನನ್ನ ಪ್ರಬಂಧಗಳನ್ನು ಓದುವುದಿಲ್ಲವೆಂಬ ಧೈರ್ಯದಿಂದ ಇಲ್ಲಿ ದಾಖಲಿಸುತ್ತೇನೆ. ಏಪ್ರಿಲ್ ೫, ಶುಕ್ರವಾರದ ಚೌಕದಲ್ಲಿ, ಪೆನ್ಸಿಲಿನಲ್ಲಿ, ಅಕ್ಕನ ಅಕ್ಷರ:

“ಹಾಲು ಇಲ್ಲ. ಮರಿ ಮೂರು. ಹಲ್ಲಿ ಖರೆ. ಅವರ ಕಣ್ಣಿಗೇ ಮೊದಲು ಬೀಳಲಿ.”