ಒಡೆದ ಅಕ್ಷರದ ಅಂಗಡಿ

ವಿದ್ಯಾಗಿರಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುವ ಮುತ್ತುರಾಜನಿಗೆ ಈ ಭೂಮಂಡಲದಲ್ಲಿ ಬಾರದ ವಿದ್ಯೆ ಯಾವುದೂ ಇರಲಿಲ್ಲ. (ಇದು ಅವನ ಸ್ವಂತ ಅಂದಾಜು. ಹೆಂಡತಿ ಪ್ರೀತಿಯ ಅಂದಾಜು ಬೇರೆ.) ಒಮ್ಮೆ ಮಿಕ್ಸರ್ ರಿಪೇರಿಗೆಂದು ಬಿಚ್ಚಿದ್ದ; ಅದು ಇವತ್ತಿಗೂ ಬಿಚ್ಚಿಕೊಂಡೇ ಇದೆ. ಲ್ಯಾಪ್‌ಟಾಪಿಗೆ ತಾನೇ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿಕೊಂಡ ಮೇಲಂತೂ ಅವನ ನಡಿಗೆಯಲ್ಲಿಯೇ ಒಂದು ಗತ್ತು ಬಂದಿತ್ತು.

ಹೀಗಿರುವಾಗ ಅವನ ಅತ್ತೆ, ಅಂದರೆ ಪ್ರೀತಿಯ ತಾಯಿ, ಚಂದ್ರವ್ವನಿಗೆ ನವನಗರದ ಕೈಮಗ್ಗ ಪ್ರದರ್ಶನದಲ್ಲಿ ಒಂದು ಮಳಿಗೆ ಸಿಕ್ಕಿತು. ಚಂದ್ರವ್ವ ಇಳಕಲ್ಲಿಗೆ ಸೊಸೆಯಾಗಿ ಬಂದಾಗಿನಿಂದ ಮಗ್ಗಕ್ಕೆ ಕೂತವಳು. ಅವಳು ನೇಯ್ದ ಸೀರೆಗಳನ್ನು ಎಷ್ಟೋ ಊರಿನ ಹೆಂಗಸರು ಉಟ್ಟಿದ್ದರು. ಆದರೆ ಮಾರುವವರು ಬೇರೆಯವರಾದ್ದರಿಂದ ಅವಳ ಹೆಸರು ಯಾವ ಬೋರ್ಡಿನ ಮೇಲೂ ಬಂದಿರಲಿಲ್ಲ. ಈ ಸಲ ಬರಲೇಬೇಕೆಂದು ಪ್ರೀತಿಯ ಹಟ.

“ಅಫ್ಸರಣ್ಣನ ಅಂಗಡ್ಯಾಗ ಒಂದು ಬ್ಯಾನರ್ ಮಾಡಿಸಿಬಿಡೂಣ್ರಿ” ಎಂದಳು.

“ಮನ್ಯಾಗ ನಾ ಇರೂವಾಗ ಅಂಗಡಿ ಯಾಕ? ಡಿಸೈನ್ ನಾನ ಮಾಡ್ತೇನಿ. ಅಂವ ಬರೇ ಪ್ರಿಂಟ್ ಹೊಡದರ ಸಾಕು.”

ಚಿತ್ರ, ಅಕ್ಷರ ಜೋಡಿಸಿ ಬ್ಯಾನರ್ ಮಾಡುವ ಪುಕ್ಕಟೆ ತಂತ್ರಾಂಶ ಲಿನಕ್ಸಿನಲ್ಲಿ ಒಂದು ಗುಂಡಿ ಒತ್ತಿದರೆ ತಯಾರಾಗಿಯೇ ಬಂದು ಕೂಡುತ್ತದೆ. ಆದರೆ ತಯಾರಾದದ್ದನ್ನು ಮುಟ್ಟಿದರೆ ಮುತ್ತುರಾಜನ ಮರ್ಯಾದೆ ಏನಾಗಬೇಕು?

“ಅದು ಖಾನಾವಳಿ ರೊಟ್ಟಿ ಇದ್ದಂಗ. ಯಾರು ಬಡದಾರೋ, ಯಾವಾಗ ಬಡದಾರೋ! ನಾ ಸೋರ್ಸ್ ಕೋಡ್ ತಂದು ಕಂಪೈಲ್ ಮಾಡ್ತೇನಿ. ಅಂದ್ರ ಜೋಳ ತಂದು, ಹಸನ ಮಾಡಿ, ಬೀಸಿ, ನಾದಿ, ಬಿಸಿಬಿಸಿ ಬಡಿಯೂದು.”

“ರೊಟ್ಟಿ ಬಡಿಯಾಕ ಬರ್ತದೇನ್ರಿ ನಿಮಗ?”

“ಉದಾಹರಣಿ ಕೊಟ್ಟೆ, ಅಷ್ಟ!”

ರವಿವಾರ ಚಹಾ ಕುಡಿದು ಮಹಾಯಜ್ಞಕ್ಕೆ ಕೂತ. ಶುರುವಿನಲ್ಲಿಯೇ ಯಂತ್ರ ತಕರಾರು ತೆಗೆಯಿತು: ಫೋಟೋ ಓದುವ ಲೈಬ್ರರಿ, ಅಂದರೆ ಆ ಕೆಲಸ ಮಾಡುವ ತಂತ್ರಾಂಶದ ಬಿಡಿಭಾಗ, ಇಲ್ಲ. ಅದನ್ನು ತರಲು ಹೋದರೆ ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೊಂದು. ಬೀಗರ ಊಟಕ್ಕೆ ಒಬ್ಬರನ್ನು ಕರೆದರೆ ಓಣಿಯೇ ಎದ್ದು ಬಂದಂತೆ. ಅಷ್ಟರಲ್ಲಿ ಮುತ್ತುರಾಜನಿಗೆ ಒಂದು ದಿವ್ಯಜ್ಞಾನವಾಯಿತು: ಯಾವುದು ಸಿಗುವುದಿಲ್ಲವೋ ಅದನ್ನು ‘ಬೇಡ’ ಎಂದು ಬರೆದುಕೊಟ್ಟರೆ ಯಂತ್ರ ಸುಮ್ಮನಾಗುತ್ತದೆ! ಫೋಟೋ ಬೇಡ ಎಂದ. ಸ್ಕ್ಯಾನರ್ ಬೇಡ ಎಂದ. ಕಡೆಗೆ, ಅಕ್ಷರಗಳನ್ನು ಕೂಡಿಸುವ ಲೈಬ್ರರಿ ಇಲ್ಲವೆಂದು ಯಂತ್ರ ಗೋಗರೆಯಿತು. ಕೂಡಿಸಲಿಕ್ಕೆ ನಾನೇ ಇದ್ದೇನಲ್ಲ ಎಂದುಕೊಂಡು ಅದನ್ನೂ ಬೇಡ ಎಂದ.

ಅಲ್ಲಿಂದ ಮುಂದೆ ಎಲ್ಲ ಸುಸೂತ್ರ. ಪರದೆಯ ಮೇಲೆ ಸಾಲುಗಳು ಸರಸರ ಏರಿದವು. ಲ್ಯಾಪ್‌ಟಾಪ್ ಹಂಚಿನಂತೆ ಕಾದು ಒದರತೊಡಗಿತು.

“ಏನ್ರಿ ಅದು ಸಪ್ಪಳಾ?” ಪ್ರೀತಿ ಒಳಗಿನಿಂದ ಕೇಳಿದಳು.

“ಬೀಸಾಕತ್ತೇತಿ!”

ಸಂಜೆ ತಂತ್ರಾಂಶ ತೆರೆದುಕೊಂಡಿತು. ಮುತ್ತುರಾಜ ಕೆಂಪು ಬಣ್ಣ ಬಳಿದು, ಮೇಲೆ ಅತ್ತೆಯ ಹೆಸರು ಬರೆದು, ಹೆಂಡತಿಯನ್ನು ಕೂಗಿದ. ಅವಳು ಕೈ ಒರೆಸುತ್ತ ಬಂದು ನೋಡಿದಳು.

“ಸೀರಿ ಫೋಟೋ ಎಲ್ಲಿ?”

“ಫೋಟೋ ಹಾಕಿದರ ಮಂದಿ ಫೋಟೋನ ನೋಡಿ ಹೋಗ್ತಾರ. ಹಾಕಬಾರದು.”

“ಅವ್ವನ ಹೆಸರು ಯಾಕ ಹಿಂಗ ಒಡದೇತ್ರಿ?”

“ಪರದೆ ಸಣ್ಣದೇತಿ, ಇಕ್ಕಟ್ಟಾಗೇತಿ. ದೊಡ್ಡದಾಗಿ ಪ್ರಿಂಟ್ ಆದರ ತಾವ ಕೂಡತಾವ.”

ಮರುದಿನ ಬ್ಯಾನರ್ ಹೊಡೆಯುವ ಅಫ್ಸರ ಅದನ್ನು ನೋಡಿ, “ಇದು ತೆಲುಗೇನ್ರಿ ಸರ್?” ಎಂದ.

“ಅಚ್ಚಗನ್ನಡ! ಒಂದಕ್ಷರಾನೂ ಮುಟ್ಟಬ್ಯಾಡ್ರಿ. ಹೆಂಗೇತಿ ಹಂಗ ಹೊಡೀರಿ.”

ಅಫ್ಸರ ಹಾಗೆಯೇ ಹೊಡೆದ. ಪ್ರದರ್ಶನದ ದಿನ ಮಳಿಗೆಯ ಮುಂದೆ ಬ್ಯಾನರ್ ಬಿಚ್ಚಿದಾಗ ಆಳೆತ್ತರದ ಅಕ್ಷರಗಳು ಕಂಡವು: ‘ಚಂದ್‌ರವ್‌ವನ ಕೈಮಗ್‌ಗ’. ಒಂದು ಒತ್ತೂ ತನ್ನ ಅಕ್ಷರದ ಕೆಳಗೆ ಕೂತಿರಲಿಲ್ಲ. ಚಂದ್ರವ್ವ ಕತ್ತೆತ್ತಿ, ಕೂಡಿಸಿ ಕೂಡಿಸಿ ಓದಲು ನೋಡಿದಳು. ಆಮೇಲೆ ಮೆಲ್ಲಗೆ, “ಅಳಿಯಾರ, ನನ್ನ ಹೆಸರಿನ ಎಳಿ ಹರದಾವಲ್ರಿ” ಎಂದಳು.

ಪ್ರೀತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ಮುತ್ತುರಾಜ, ಕಾಲೇಜಿನಲ್ಲಿ ತುರ್ತು ಕೆಲಸವಿದೆ ಎಂದು ಸ್ಕೂಟರ್ ಹತ್ತಿದ.

ಸಂಜೆ ಎದೆ ಗಟ್ಟಿ ಮಾಡಿಕೊಂಡು ಬಂದರೆ ಮಳಿಗೆಯ ಮುಂದೆ ಜನವೋ ಜನ! ಕಾಲೇಜಿನ ಹುಡುಗಿಯರು ಬ್ಯಾನರ್ ಓದಲು ಪಂತ ಕಟ್ಟಿ ನಗುತ್ತಿದ್ದರು. ಹಿರಿಯರೊಬ್ಬರು ಕನ್ನಡಕ ಏರಿಸಿ, “ಇದು ಬಾದಾಮಿ ಶಾಸನದ ಶೈಲಿ. ನೋಡೂದಕ್ಕ ಕಣ್ಣು ಬೇಕು” ಎಂದು ಹೆಂಡತಿಗೆ ತಿಳಿಹೇಳುತ್ತಿದ್ದರು. ಓದಲು ನಿಂತವರ ಕಣ್ಣು ಸೋತು ಕೆಳಗಿಳಿದರೆ ಅಲ್ಲಿ ಕೆಂಪು ಸೆರಗಿನ ಸೀರೆಗಳು. ಕೈ ತಾನಾಗಿ ಮುಂದೆ ಹೋಗುತ್ತಿತ್ತು. “ಏನ್ ಬರದಾರಬೇ ಇಲ್ಲಿ?” ಎಂದವರಿಗೆಲ್ಲ ಚಂದ್ರವ್ವ, “ಚಂದ್ರವ್ವ ಅಂತ್ರಿ. ಅದು ನಾನ!” ಎನ್ನುತ್ತಿದ್ದಳು. ತನ್ನ ಹೆಸರನ್ನು ತಾನೇ ಇಷ್ಟು ಸಲ ಅವಳು ಜನ್ಮದಲ್ಲಿ ಹೇಳಿರಲಿಲ್ಲ. ಸೀರೆಯ ಪೆಟ್ಟಿಗೆ ಖಾಲಿಯಾಗುತ್ತ ಬಂದಿತ್ತು.

ಮುತ್ತುರಾಜ ಎದೆಯುಬ್ಬಿಸಿ ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಯಾರೋ, “ಪಾಪ, ಸಾಲಿ ಕಲಿಲಾರದಂವ ಬರದಾನ” ಎಂದರು. ಆ ಮಾತು ನಾಟಿತು.

ಅವನು ಛಲ ಹಿಡಿದ. ಈ ಸಲ ಯಾವುದನ್ನೂ ‘ಬೇಡ’ ಎನ್ನಲಿಲ್ಲ. ಒಂದೊಂದೇ ಲೈಬ್ರರಿಯನ್ನು ಕೈಕಾಲು ಬಿದ್ದು ಕರೆತಂದು, ತಂತ್ರಾಂಶದ ಹೊಸ ಆವೃತ್ತಿಯನ್ನೇ ಮತ್ತೆ ಕಂಪೈಲ್ ಮಾಡಿದ. ಒತ್ತುಗಳು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಹಳೆಯ ಫೈಲನ್ನು ಕಳಂಕವೆಂದು ಅಳಿಸಿ ಹಾಕಿದ; ಹಳೆಯ ಬ್ಯಾನರನ್ನು ಕತ್ತರಿಸಿ ಸ್ಕೂಟರಿಗೆ ಹೊದಿಕೆ ಮಾಡಿದ. ಬಾದಾಮಿಯಲ್ಲಿ ಮುಂದಿನ ಮಳಿಗೆ ಎಂದು ಗೊತ್ತಾದ ದಿನ ಹೊಸ ಬ್ಯಾನರನ್ನು ಪಡಸಾಲೆಯಲ್ಲಿ ಹಾಸಿ, ಹೆಂಡತಿಯ ಮುಖ ನೋಡಿದ.

“ಇದ್ಯಾಕ್ರಿ ಕೂಡಿಸೀರಿ?” ಎಂದಳು ಪ್ರೀತಿ.

“ಆಂ?”

“ಬಾದಾಮಿಯಿಂದ ಮಂದಿ ಫೋನ್ ಮಾಡಿ, ಒಡದ ಅಕ್ಷರದ ಅಂಗಡಿ ಯಾವಾಗ ಬರ್ತೇತಿ ಅಂತ ಕೇಳಾಕತ್ತಾರ! ಮೊದಲಿನಂಗ ಒಡದು ಕೊಡ್ರಿ.”

ಮುತ್ತುರಾಜ ಲ್ಯಾಪ್‌ಟಾಪ್ ತೆಗೆದು ಕೂತ. ಕೂಡಿಸುವ ಲೈಬ್ರರಿ ‘ಬೇಡ’ ಎಂದು ಬರೆದ. ಹೊಸ ಆವೃತ್ತಿ ಖಡಾಖಂಡಿತವಾಗಿ, ಅದಿಲ್ಲದೆ ನಾನು ಏಳುವುದೇ ಇಲ್ಲ ಎಂದಿತು. ಏನೆಲ್ಲ ಮಾಡಿದರೂ ಅಕ್ಷರಗಳು ಅಗಲಲೊಲ್ಲವು.

“ಆಗವಲ್ದು” ಎಂದ. ಆ ಮಾತು ಆ ಮನೆಯಲ್ಲಿ ಅವನ ಬಾಯಿಂದ ಬಂದದ್ದು ಅದೇ ಮೊದಲು.

“ಇಷ್ಟು ಕಲತು ಒಂದು ತಪ್ಪು ಮಾಡಾಕ ಬರೂದಿಲ್ಲೇನ್ರಿ ನಿಮಗ?” ಎನ್ನುತ್ತ ಪ್ರೀತಿ ಫೋನ್ ಎತ್ತಿಕೊಂಡು ಸ್ಪೀಕರಿಗೆ ಹಾಕಿದಳು. “ಅಫ್ಸರಣ್ಣಾ, ನಮ್ಮನಿಯವರು ಮಾಡಿದ ಆ ಹಳೇ ಬ್ಯಾನರ್ ನಿಮ್ಮ ಕಂಪ್ಯೂಟರಿನ್ಯಾಗ ಇನ್ನೂ ಐತೇನ್ರಿ?”

“ಐತ್ರಿ ಅಕ್ಕಾರ, ಹಂಗ ಇಟ್ಟೇನಿ” ಎಂದ ಅಫ್ಸರ. “ಬೇಕಂದ್ರ ಇನ್ನೂ ಸ್ವಲ್ಪ ಒಡದು ಕೊಡ್ಲೇನ್ರಿ?”