ಓವರ್‌ಫ್ಲೋ ಸ್ಕೂಟರು ಮತ್ತು ಹೊತ್ತಿನ ಊಟ

ಸ್ಕೂಟರ್ ಇಟ್ಟುಕೊಂಡವನಿಗೆ ದೇವರ ಮೇಲೆ ಭಕ್ತಿ ಸ್ವಲ್ಪ ಕಡಿಮೆಯಿದ್ದರೂ ನಡೆದೀತು, ಸೊಂಟದಲ್ಲಿ ಶಕ್ತಿ ಮಾತ್ರ ಇರಲೇಬೇಕು. ಈಗಿನ ಮೋಟರ್‌ಸೈಕಲ್ ಹುಡುಗರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಸಾಂಗ್ಲಿಯ ಯಾವ ಓಣಿಯಲ್ಲಾದರೂ ಬೆಳಿಗ್ಗೆ ನಿಂತು ನೋಡಬೇಕಿತ್ತು. ಸ್ನಾನ ಮಾಡಿ ಹಣೆಗೆ ಗಂಧ ಹಚ್ಚಿಕೊಂಡ ಗೃಹಸ್ಥರೆಲ್ಲ ತಮ್ಮ ತಮ್ಮ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಕೂಸನ್ನು ಮಲಗಿಸುವವರಂತೆ ಕೊಂಚ ಹೊತ್ತು ಹಾಗೇ ಹಿಡಿದು, ಆಮೇಲೆ ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುತ್ತಿದ್ದರು. ವಾಲಿಸಿದರೆ ಪೆಟ್ರೋಲು ಕಾರ್ಬ್ಯುರೇಟರಿಗೆ ಇಳಿಯುತ್ತದೆ ಎಂಬುದು ನಂಬಿಕೆ. ಹಾಗಂತ ಯಾರು ಹೇಳಿದ್ದು ಎಂದು ಯಾರೂ ಕೇಳಿದವರಿಲ್ಲ. ನಾನಂತೂ ಗಾಡಿ ಆಗಲೇ ಕುತ್ತಿಗೆಮಟ್ಟ ಪೆಟ್ರೋಲು ಕುಡಿದು ಕೆಳಗೆ ತೊಟ್ಟಿಕ್ಕಿಸುತ್ತಿದ್ದಾಗಲೂ ವಾಲಿಸುತ್ತಿದ್ದೆ. ಅಜೀರ್ಣವಾದವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ ಹಾಗೆ. ಆ ಗಾಡಿ ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡದ್ದೇ ಹೆಚ್ಚು.

ನನ್ನದು ಮಾರ್ಕೆಟ್ ಯಾರ್ಡಿನಲ್ಲಿ ಅರಿಸಿನದ ದಲಾಲಿ. ಮೂಲ ಊರು ಮಿರಜದ ಹತ್ತಿರದ ಆರಗ, ಮನೆತನ ಕನ್ನಡ ಜೈನರದು. ಯಾರ್ಡಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಈ ನೇಮದ ವಿಷಯದಲ್ಲಿ ನಾನು ಮನೆಯಲ್ಲಿ ಬಹಳ ಗಟ್ಟಿ. ಆದರೆ ಯಾರ್ಡಿನ ಗೇಟಿನ ಹತ್ತಿರ ಬಿಸಿ ಭಜಿಯ ವಾಸನೆ ಬಂತೆಂದರೆ ಸೂರ್ಯ ನಿಜವಾಗಿ ಮುಳುಗಿದ್ದಾನೋ ಅಥವಾ ಮೋಡದ ಹಿಂದಿದ್ದಾನೋ ಎಂದು ನನಗೆ ಅನುಮಾನ ಬರುತ್ತಿತ್ತು. ನನ್ನ ಹೆಂಡತಿ ಪದ್ಮಾಗೆ ಇಂಥ ಅನುಮಾನಗಳಿರಲಿಲ್ಲ. ಹೊತ್ತು ಇಳಿದ ಮೇಲೆ ಆಕೆಯ ಬಾಯಿಗೆ ಒಂದು ಅಗುಳೂ ಹೋಗುತ್ತಿರಲಿಲ್ಲ. ಜ್ವರ ಬಂದಾಗಲೂ ಇಲ್ಲ.

ಆಕೆಯ ಎದೆಯಲ್ಲಿ ಗಂಟು ಕಂಡದ್ದು, ಊರೆಲ್ಲ ಹೊಸ ಗಾಡಿ ಕೊಳ್ಳುತ್ತಿದ್ದ ವರ್ಷಗಳಲ್ಲಿ. ಸಾಂಗ್ಲಿ ಮಿರಜದ ಕಡೆಗೆ, ಮಿರಜ ಸಾಂಗ್ಲಿಯ ಕಡೆಗೆ ಬೆಳೆದು, ನಡುವಿನ ಕಬ್ಬಿನ ಹೊಲಗಳೆಲ್ಲ ಗಾಜಿನ ಶೋರೂಮುಗಳಾಗುತ್ತಿದ್ದವು. ಹಳೆ ಗಾಡಿ ತಂದು ಹೊಸದು ಒಯ್ಯಿರಿ ಎಂದು ಎಲ್ಲಿ ನೋಡಿದರೂ ಬೋರ್ಡು. ಮಿರಜದ ದವಾಖಾನೆಯಲ್ಲಿ ಗಂಟು ತೆಗೆದರು. ಆಮೇಲೆ ದಿನಾ ಮಧ್ಯಾಹ್ನ ಹೋಗಿ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬರಬೇಕೆಂದರು. ರಿಕ್ಷಾ ಮಾಡೋಣ ಎಂದೆ. ಪದ್ಮಾ ಒಪ್ಪಲಿಲ್ಲ.

"ರಿಕ್ಷಾದಾಗ ಹೋದ್ರ ಮಂದಿ ಬ್ಯಾನಿ ಅಂತಾರ‍್ರಿ. ಸ್ಕೂಟರ್ ಮ್ಯಾಲ ಹೋದ್ರ ಗಂಡಾ ಹೆಂಡ್ತಿ ತಿರಗ್ಯಾಡಾಕ ಹೊಂಟಾರ ಅಂತಾರ."

ಹೀಗೆ ನಾವು ದಿನಾ ತಿರುಗಾಡಲಿಕ್ಕೆ ಹೋಗತೊಡಗಿದೆವು. ಹೋಗುವಾಗ ಸ್ಕೂಟರು ಸರಿಯಾಗೇ ಹೋಗುತ್ತಿತ್ತು. ಬರುವಾಗ, ದವಾಖಾನೆಯ ಬಿಸಿಲಲ್ಲಿ ನಿಂತು ನಿಂತು ಅದಕ್ಕೂ ಏನಾಗುತ್ತಿತ್ತೋ, ಅರ್ಧ ದಾರಿಯಲ್ಲಿ ಗೊರಗೊರ ಎಂದು ನಿಂತುಬಿಡುತ್ತಿತ್ತು. ಕೆಳಗೆ ಪೆಟ್ರೋಲು ಸುರಿಯುತ್ತಿತ್ತು. ನಾನು ವಾಲಿಸುವುದು, ಅದು ಇನ್ನಷ್ಟು ಸುರಿಸುವುದು. ನಾನು ಪ್ಲಗ್ ಬಿಚ್ಚಿ ಒರೆಸುವುದು, ಆ ವಾಸನೆಗೆ ಪದ್ಮಾ ಸೆರಗು ಮೂಗಿಗೆ ಹಿಡಿದು ಬೇವಿನ ಗಿಡದ ಕೆಳಗೆ ನಿಲ್ಲುವುದು. ಸಾಂಗ್ಲಿಗೆ ಬರುವ ದಾರಿ ಪಡುವಣಕ್ಕೇ ಇರುವುದರಿಂದ ಸೂರ್ಯ ನಮ್ಮ ಎದುರಿಗೇ ಇಳಿಯುತ್ತಿದ್ದ. ಮನೆ ಮುಟ್ಟುವಾಗ ಕತ್ತಲೆ. "ಇರ್ಲಿ ಬಿಡ್ರಿ, ಹೊತ್ತು ಮುಳುಗೇತಿ" ಎಂದು ಆಕೆ ಹಾಗೇ ಮಲಗುತ್ತಿದ್ದಳು. ಡಬ್ಬಿ ಕಟ್ಟಿಕೊಂಡು ಹೋಗೋಣವೆಂದರೆ ದವಾಖಾನೆಯ ವಾಸನೆಯಲ್ಲಿ ತುತ್ತು ಇಳಿಯುವುದಿಲ್ಲ ಎಂದಳು. ಮಧ್ಯಾಹ್ನ ಉಂಡೆಯಾ ಎಂದು ಕೇಳಿದರೆ ಉಂಡೇನಿ ಎನ್ನುತ್ತಿದ್ದಳು. ನಾನು ಯಾರ್ಡಿನಲ್ಲಿರುತ್ತಿದ್ದೆ, ನೋಡಿದವರಾರು? ದಿನದಿಂದ ದಿನಕ್ಕೆ ಆಕೆಯ ಕೈಬಳೆ ಮೊಣಕೈವರೆಗೆ ಸರಿಯತೊಡಗಿದವು. ನನ್ನ ಗಾಡಿ ಹೆಂಡತಿಯನ್ನು ಉಪವಾಸ ಕೊಲ್ಲುತ್ತಿದೆ ಎಂದು ನನಗೆ ಹಗಲೂ ರಾತ್ರಿ ಅದೇ ಚಿಂತೆ.

ನಮ್ಮ ಓಣಿಯ ಬಾಬು ಮಿಸ್ತ್ರಿ ಮೊದಲು ಪ್ಲಗ್ ಬದಲಿಸಿದ. ಆಮೇಲೆ ಪೆಟ್ರೋಲು ಚಿಮ್ಮುವ ಜೆಟ್ಟಿಗೆ ಗಾಳಿ ಹೊಡೆದ. ಆಮೇಲೆ ಪೆಟ್ರೋಲು ತಡೆಯುವ ಸೂಜಿಯಂಥದೇನೋ ಬದಲಿಸಿದ. ಒಂದೊಂದಕ್ಕೂ "ಝಾಲಂ ಕಾಕಾ, ಇನ್ನ ಆತು ತಿಳೀರಿ" ಎನ್ನುತ್ತಿದ್ದ. ಆಗುತ್ತಿರಲಿಲ್ಲ. ಕಡೆಗೆ, ಕಾರ್ಬ್ಯುರೇಟರಿನೊಳಗೆ ತೇಲುವ ಒಂದು ಪುಟ್ಟ ಪೊಳ್ಳು ಡಬ್ಬಿ ಇರುತ್ತದೆ, ಫ್ಲೋಟು, ಅದಕ್ಕೆ ತೂತು ಬಿದ್ದು ಪೆಟ್ರೋಲು ಹೊಕ್ಕಿದ್ದರೆ ಅದು ತೇಲುವುದಿಲ್ಲ, ಪೆಟ್ರೋಲು ನಿಲ್ಲುವುದಿಲ್ಲ ಎಂದು ಹೇಳಿ, ಅದನ್ನು ನನ್ನ ಕೈಗಿಟ್ಟು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿರಿ ಎಂದ. ಯಾರ್ಡಿನ ಹರಾಜಿನ ಕೂಗಾಟ ಕೇಳಿ ಕೇಳಿ ನನ್ನ ಕಿವಿ ಎಂದೋ ಮಂದವಾಗಿವೆ. ಮನೆಗೆ ತಂದು ಪದ್ಮಾಗೆ ಕೊಟ್ಟೆ. ತೆಂಗಿನಕಾಯಿ ಅಲ್ಲಾಡಿಸಿ ಒಳಗೆ ನೀರಿದೆಯೋ ಇಲ್ಲವೋ ಹೇಳುವುದರಲ್ಲಿ ಆಕೆ ಎಂದೂ ತಪ್ಪಿದವಳಲ್ಲ. ಆಕೆ ಅದನ್ನು ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಇನ್ನೊಮ್ಮೆ ಅಲ್ಲಾಡಿಸಿದಳು.

"ಏನೂ ಇಲ್ರಿ. ಖಾಲಿ ಐತಿ" ಎಂದಳು.

ಹೆಂಡತಿ ಹೇಳಿದ ಮೇಲೆ ಮುಗಿಯಿತು. ಫ್ಲೋಟು ತಿರುಗಿ ಗಾಡಿ ಸೇರಿತು, ಗಾಡಿ ತಿರುಗಿ ಬೇವಿನ ಗಿಡ ಸೇರಿತು. ಕಡೆಗೊಂದು ದಿನ ಬಾಬು ತಾನೇ ಬೇಸತ್ತು ಅದನ್ನು ಚಹದಂಗಡಿಯ ಬಿಸಿನೀರಿನಲ್ಲಿ ಮುಳುಗಿಸಿದ. ಬುಳುಬುಳು ಗುಳ್ಳೆ ಬಂದವು. ಕೂದಲೆಳೆಯಷ್ಟು ಸೀಳು! ಎಲ್ಲರೂ ಹೊಸ ಗಾಡಿ ಕೊಳ್ಳುತ್ತಿದ್ದುದರಿಂದ ನನ್ನ ಗಾಡಿಯ ಸಾಮಾನು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮಿರಜದಲ್ಲಿ ಹಳೆ ಗಾಡಿ ಬಿಚ್ಚಿ ಮಾರುವ ಗುಜರಿ ಅಂಗಡಿಗಳಲ್ಲಿ ಬೆಳಗಿನ ಹೊತ್ತೆಲ್ಲ ಕಪ್ಪು ಎಣ್ಣೆಯಲ್ಲಿ ಕೈಯಾಡಿಸಿ ಒಂದು ಫ್ಲೋಟು ಗಿಟ್ಟಿಸಿದೆ. ಅವತ್ತು ಸಂಜೆ ಸ್ಕೂಟರು ಎಲ್ಲೂ ನಿಲ್ಲದೆ, ಸೂರ್ಯ ಇನ್ನೂ ನಾಲ್ಕಾಳೆತ್ತರ ಇರುವಾಗಲೇ ಮನೆ ಮುಟ್ಟಿತು. ಯುದ್ಧ ಗೆದ್ದವನಂತೆ ನಾನೇ ತಾಟು ಹಾಕಿದೆ. ರೊಟ್ಟಿ, ಹೆಸರುಬೇಳೆ, ತುಪ್ಪ ಬಡಿಸಿ, "ನಿನ್ನ ಕಿವಿಗೂ ಮುಪ್ಪು ಬಂತಲ್ಲ" ಎಂದು ನಗಾಡಿದೆ.

ಪದ್ಮಾ ತಾಟಿನ ಮುಂದೆ ಕೂತು ಕಿಟಕಿಯ ಬಿಸಿಲು ನೋಡಿದಳು. ರೊಟ್ಟಿಯ ಚೂರನ್ನು ಬೇಳೆಯಲ್ಲಿ ಅದ್ದಿದಳು, ಎತ್ತಲಿಲ್ಲ. ಕಣ್ಣಲ್ಲಿ ನೀರು ಬಂತು.

"ಅದರಾಗ ಪೆಟ್ರೋಲ್ ಐತಿ ಅಂತ ನನಗ ಅವತ್ತ ಕೇಳಿತ್ರಿ."

"ಮತ್ಯಾಕ ಹೇಳಲಿಲ್ಲ?"

"ಗಾಡಿ ಸುದ್ದ ಆದ್ರ ನೀವು ಉಣ್ಣಾಕ ಕುಂಡ್ರಸ್ತಿದ್ರಿ. ನನಗ ತುತ್ತು ಇಳಿವಲ್ದ್ರಿ. ಭಾಳ ದಿನ ಆತು. ಹೊತ್ತು ಮುಳುಗೇತಿ ಅಂದ್ರ ನಿಮಗೂ ಸಮಾಧಾನ, ನನಗೂ ಸಮಾಧಾನ."

ಅರಿಸಿನದ ಕೊಂಬು ಮುರಿದು ಒಳಗಿನ ಬಣ್ಣ ನೋಡಿ ಯಾವ ಊರ ಮಾಲು ಎಂದು ಹೇಳುವ ದಲ್ಲಾಳಿ ನಾನು. ಎದುರಿಗೆ ಕೂತವಳ ಒಳಗೆ ಏನಾಗಿದೆ ಎಂದು ನನಗೆ ಗೊತ್ತಾಗಿರಲಿಲ್ಲ. ಬಹಳ ದುಃಖವಾಯಿತು. ತಾಟು ಎತ್ತಿಟ್ಟು ನಾನೂ ಉಣ್ಣದೆ ಎದ್ದೆ. ಮರುದಿನ ಡಾಕ್ಟರರನ್ನು ಪಕ್ಕಕ್ಕೆ ಕರೆದು ಕೇಳಿದೆ. ಏನು ಇಳಿಯುತ್ತದೋ ಅದನ್ನು ಕೊಡಿರಿ, ಹಾಲಾದರೆ ಹಾಲು, ಗಂಜಿಯಾದರೆ ಗಂಜಿ, ಒತ್ತಾಯ ಮಾಡಬೇಡಿರಿ ಎಂದರು. ಗುಣವಾಗುತ್ತದಲ್ಲ ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

ಅವತ್ತು ತಿರುಗಿ ಬರುವಾಗ ಹೊಸ ಫ್ಲೋಟಿನ ಸ್ಕೂಟರು ಸುಳ್ಳು ಹೇಳಲು ಬಾರದ ಮನುಷ್ಯನಂತೆ ನೆಟ್ಟಗೆ ಓಡುತ್ತಿತ್ತು. ಮನೆಯಲ್ಲಿ ಊರಿನಿಂದ ಬಂದ ಅತ್ತಿಗೆ, ಬಿಸಿ ಅಡಿಗೆ ಮಾಡಿಟ್ಟುಕೊಂಡು ಪದ್ಮಾಗೆ ಉಣಿಸಲೆಂದೇ ಕಾದಿದ್ದಳು. ಬೇಡ ಎಂದರೆ ಕೇಳುವ ಪೈಕಿಯಲ್ಲ. ಅರ್ಧ ದಾರಿಗೆ ನಾನು ಕಾಲ ಹತ್ತಿರ ಕೈ ಇಳಿಸಿ, ಟಾಕಿಯಿಂದ ಪೆಟ್ರೋಲು ಬಿಡುವ ಕಾಕ್ ಬಂದ್ ಮಾಡಿದೆ. ಸ್ವಲ್ಪ ದೂರ ಹೋಗಿ ಗಾಡಿ ನಿಂತಿತು.

"ಮತ್ತ ಓವರ್‌ಫ್ಲೋ ಆತು ನೋಡು, ಸುಡಗಾಡ ಗಾಡಿ!" ಎಂದು ರಸ್ತೆಗೆಲ್ಲ ಕೇಳುವಂತೆ ಬೈದು ಕಿಕ್ ಹೊಡೆಯತೊಡಗಿದೆ. ಬೆವರು ಸುರಿಯಿತು. ಪದ್ಮಾ ಸೆರಗು ಹೊದ್ದು ನಿಂತು ನೋಡಿದಳು. ಆಮೇಲೆ ಹತ್ತಿರ ಬಂದು ಬಗ್ಗಿ ಮೂಸಿದಳು.

"ಇವತ್ತ ಪೆಟ್ರೋಲಿನ ವಾಸನೀನ ಇಲ್ಲಲ್ರೀ?"

ನಾನು ತಲೆಯೆತ್ತಲಿಲ್ಲ. ಆಕೆ ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಇರ್ಲಿ. ಇನ್ನೊಂದೀಟ ಹೊಡೀರಿ. ಹೊತ್ತು ಇನ್ನಾ ಪೂರಾ ಮುಳುಗಿಲ್ಲ."

ಹೊಡೆದೆ. ಹೆಂಡತಿ ಹೇಳಿದ್ದನ್ನು ಎದುರು ಮಾತಾಡದೆ ನಾನು ಮಾಡಿದ್ದು ಇಡೀ ಸಂಸಾರದಲ್ಲಿ ಅದೊಂದೇ ಕೆಲಸವಿರಬೇಕು, ಅದೂ ಕಾಕ್ ಬಂದ್ ಮಾಡಿದ ಗಾಡಿಗೆ.