ಗೇಟಿನ ಮುಜುರೆ ನಿಲ್ಲಿಸಿದ ಸೆಕ್ರೆಟರಿಯವರಿಗೆ

ಕಾಂದಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯವರೂ, ಮಲಾಡಿನ ಉಡುಪಿ ಹೋಟೆಲಿನ ಮಾಲೀಕರೂ, ಬಹುಭಾಷಾ ಪಂಡಿತರೂ ಆದ ಮಾನ್ಯ ಮೋನಪ್ಪನವರೇ,

ಮೂರನೆಯ ಮಾಳಿಗೆಯಿಂದ ನೆಲ ಮುಟ್ಟುವಷ್ಟು ಬಾಗಿದ ನಮಸ್ಕಾರಗಳು. ಬಾಗುವುದಕ್ಕೂ ಈಗ ತಮ್ಮ ಅನುಮತಿ ಬೇಕಾಗಿರುವುದರಿಂದ ಇವುಗಳನ್ನು ಕಾಗದದ ಮೇಲೆ ಮಾತ್ರ ಸಲ್ಲಿಸುತ್ತಿದ್ದೇನೆ.

ನಾನು ಅಬ್ರಾರ, ಬಿಜಾಪುರದ ಕಡೆಯ ಹಿಂದಿನ ಹುಲಿಗುಡ್ಡ ಸಂಸ್ಥಾನದ ಈಗಿನ ವಾರಸುದಾರ. ಸಂಸ್ಥಾನವೆಂದರೆ ಮೂರೂವರೆ ಹಳ್ಳಿ. ನಾಲ್ಕನೆಯ ಹಳ್ಳಿಯ ಯಾವ ಅರ್ಧ ನಮ್ಮದೆಂದು ತೀರ್ಮಾನವಾಗುವ ಮೊದಲೇ ರಾಜ್ಯ ಹೋಯಿತು. ನಾನೀಗ ವಿಕ್ರೋಳಿಯಲ್ಲಿ ಏಸಿ ರಿಪೇರಿ ಮಾಡುತ್ತೇನೆ. ಆದರೆ ಎಂಬತ್ತನಾಲ್ಕರ ನಮ್ಮ ತಾಯಿ ಜೇಬುನ್ನೀಸಾ ಬೇಗಂ ಅವರ ಪಾಲಿಗೆ ನಾನಿನ್ನೂ ದೊರೆ: ಟೂಲ್ ಬ್ಯಾಗು ಹಿಡಿದು ಹೊರಟ ನನಗೆ ಗೇಟಿನಲ್ಲಿ ಯಾರಾದರೂ ಬಾಗಿ ಮುಜುರೆಯ ಸಲಾಮು ಮಾಡುವುದನ್ನು ಕಿಟಕಿಯಿಂದ ನೋಡಿದ ಮೇಲೆಯೇ ಅವರು ನಾಷ್ಟಾ ಮಾಡುವುದು, ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವುದು.

ವಾಚ್‌ಮನ್ ಅಮೋಲ್ ಸಾತಾರಾ ಕಡೆಯವನು. ಮುಜುರೆಯೆಂದರೆ ಏನೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಎರಡು ವರ್ಷ ಖುಷಿಯಿಂದ ಬಾಗಿದ. ಒಬ್ಬ ಸದಸ್ಯನಿಗಷ್ಟೇ ಬಾಗುವುದು ನಿಯಮಕ್ಕೆ ವಿರುದ್ಧವಾದೀತೆಂದು ನಾನೇ ಹೆದರಿ, ‘ದಿನಾ ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ಒಂದು ಮುಜುರೆಗೆ ಅನುಮತಿ ಕೊಡಬೇಕು’ ಎಂದು ತಮಗೆ ಕನ್ನಡದಲ್ಲಿ ಅರ್ಜಿ ಬರೆದದ್ದು ನನ್ನ ತಪ್ಪು. ತಾವು ಅದನ್ನು ಕಮಿಟಿಗೆ ಹಿಂದಿಯಲ್ಲಿ ಓದಿ ಹೇಳಿದಿರಿ. ಕರಾವಳಿಯವರಾದ ತಮಗೆ ನಮ್ಮ ಕಡೆಯ ಈ ಸಲಾಮು ಗೊತ್ತಿರದಿದ್ದರೂ, ಹಿಂದಿ ಸಿನಿಮಾದ ಮುಜ್ರಾ ಮಾತ್ರ ಗೆಜ್ಜೆ, ತಬಲಾ, ನೋಟು ತೂರುವ ರಸಿಕರ ಸಮೇತ ಚೆನ್ನಾಗಿಯೇ ಗೊತ್ತಿತ್ತು. ಮರುದಿನ ಲಿಫ್ಟಿನ ಪಕ್ಕ ನೋಟೀಸು ಬಂತು: ‘ಇದು ಮರ್ಯಾದಸ್ಥರ ಬಿಲ್ಡಿಂಗ್. ಗೇಟಿನಲ್ಲಿ ಮುಜ್ರಾ ನಡೆಸುವಂತಿಲ್ಲ.’ ನರ್ತಕಿಯೆಂಬ ಸಂಶಯದ ಮೇಲೆ ಅಮೋಲನನ್ನು ಹಿಂದಿನ ಗೇಟಿಗೆ ಹಾಕಲಾಯಿತು. ಅವನ ಮೀಸೆಗೂ ಮಣಿಯದ ತಮ್ಮ ನಿಷ್ಪಕ್ಷಪಾತವನ್ನು ಎಷ್ಟು ಹೊಗಳಿದರೂ ಸಾಲದು.

ಮೊದಲ ದಿನ ತಾಯಿ, “ಯಾಕೋ ಅಬ್ರಾರ, ಸಂಸ್ಥಾನ ಮತ್ತೊಮ್ಮಿ ಹೋತೇನು?” ಎಂದು ಕೇಳಿದರು. ಮೂರು ದಿನ ಬರೀ ಚಹಾ ಕುಡಿದು ಕೂತರು, ಗುಳಿಗೆ ಮುಟ್ಟಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಆದ್ದರಿಂದ ಅಮೋಲ್ ಬೇಡವಾದರೆ ಕಮಿಟಿಯವರೇ ಸರದಿಯ ಮೇಲೆ ಬಾಗಬಹುದೆಂದೂ, ಸೊಂಟನೋವಿನ ಖಜಾಂಚಿಯವರು ಬರೀ ರೆಪ್ಪೆ ಬಾಗಿಸಿದರೆ ಸಾಕೆಂದೂ ವಿನಂತಿ. ತೋಪು ಹಾರಿಸುವ ಮರ್ಯಾದೆಯನ್ನು ನಮಗೆ ಬ್ರಿಟಿಷರೂ ಕೊಟ್ಟಿರಲಿಲ್ಲವಾದ್ದರಿಂದ, ತಮ್ಮ ಹೋಟೆಲಿನ ಕುಕ್ಕರಿನ ಐದು ಸೀಟಿಗಳಲ್ಲೇ ತೃಪ್ತಿಪಡುತ್ತೇವೆ. ಅವು ಮಲಾಡಿನಿಂದ ಕಾಂದಿವಲಿಗೆ ಕೇಳಿಸಬೇಕು, ಅಷ್ಟೆ.

ಇಷ್ಟನ್ನು ಮೊನ್ನೆ ನಗುತ್ತ ಬರೆದಿಟ್ಟಿದ್ದೆ. ನಿನ್ನೆ ಬೆಳಿಗ್ಗೆ, ಲಿಫ್ಟಿಗೆ ಹೆದರುವ ನಮ್ಮ ತಾಯಿ ಗೋಡೆ ಹಿಡಿದು ಮೂರು ಮಾಳಿಗೆ ಇಳಿದು ಬಂದು, ಗೇಟಿನಲ್ಲಿ ನನ್ನೆದುರು ನಿಂತು, ಸೊಂಟ ಬಾಗಿಸಿ ತಾವೇ ಮುಜುರೆ ಮಾಡಿದರು. “ಯಾರರೆ ಮಾಡಬೇಕಲ್ಲಪಾ” ಎಂದು ಹೇಳಿ, ಮತ್ತೆ ಮೂರು ಮಾಳಿಗೆ ಹತ್ತಿ ಹೋಗಿ ನಾಷ್ಟಾ ಮಾಡಿದರು. ಹೆತ್ತ ತಾಯಿ ನನಗೆ ಬಾಗಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಇನ್ನು ದಿನಾ ಇಳಿದು ಬರುತ್ತಾರಂತೆ. ಅಮೋಲನನ್ನು ಮುಂದಿನ ಗೇಟಿಗೆ ಕಳಿಸಿಕೊಡಿ ಸ್ವಾಮಿ, ಬೇರೇನೂ ಬೇಡ.

ಯಾರನ್ನೂ ಬಾಗಿಸಲಾರದ ದೊರೆ ಹಾಗೂ ತಮ್ಮ ವಿಶ್ವಾಸಿ,
ಅಬ್ರಾರ
ಹುಲಿಗುಡ್ಡ ಸಂಸ್ಥಾನ, ಬಿ ವಿಂಗ್, 304

ತಾ.ಕ.: ನೋಟೀಸು ಹಚ್ಚಿದ ಸಂಜೆಯಿಂದ ಬಿಲ್ಡಿಂಗಿನ ಹನ್ನೊಂದು ಗಂಡಸರು ನನ್ನ ಬಾಗಿಲಿಗೆ ಬಂದು, ಮುಜ್ರಾ ನಿಜವಾಗಿಯೂ ರದ್ದಾಯಿತೇ, ಇಲ್ಲವಾದರೆ ಕುರ್ಚಿ ಸಿಗುತ್ತದೆಯೇ ಎಂದು ಗುಟ್ಟಾಗಿ ವಿಚಾರಿಸಿ ಹೋಗಿದ್ದಾರೆ. ಎಲ್ಲರಿಗಿಂತ ಮೊದಲು ಬಂದವರು ತಾವಾದ್ದರಿಂದ, ಮುಂದಿನ ಸಾಲಿನ ಕುರ್ಚಿಯನ್ನು ತಮಗೇ ಕಾದಿರಿಸಿದ್ದೇನೆ.